ಹಣೆ ರೂಪಾಯಿ

ನನ್ನ ಸೋದರಮಾವ ಚನ್ನರಾಯಪ್ಪನ ಬಾಯಿಂದ ‘ಅಸಲಿ’ ಎಂಬ ಮಾತು ಬರುವುದು ಬಲು ಅಪರೂಪವಾಗಿತ್ತು. ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲ ಕಡೆಯಿಂದ ಜನ ಹಳೇ ನಾಣ್ಯ ಹಿಡಿದು ಮುಳಬಾಗಿಲಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಸರ್ಕಾರಿ ಖಜಾನೆಯಲ್ಲಿ ದುಡಿದು ನಿವೃತ್ತನಾಗಿದ್ದ ಮಾವ ಜಗಲಿಯ ಮೇಲೆ ಕೂತು, ಭೂತಗನ್ನಡಿ ಹಿಡಿದು ನೋಡಿ, ‘ನಕಲಿ’ ಎಂದು ವಾಪಸು ಕೊಡುತ್ತಿದ್ದ. ಹಾಗೆನ್ನುವಾಗ ಅವನ ಮುಖದಲ್ಲಿ ಒಂದು ಖುಷಿ ಇರುತ್ತಿತ್ತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಬರುವವರೂ ಹಾಗೇ ಇದ್ದರೆನ್ನಿ. ನಮ್ಮ ಕಡೆ ‘ರೈಸ್ ಪುಲ್ಲಿಂಗ್’ ಎಂಬ ಹುಚ್ಚೊಂದಿದೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ತಾಮ್ರದ ಕಾಸಿಗೆ ಸಿಡಿಲು ಬಡಿದಿದ್ದರೆ ಅದು ಅಕ್ಕಿಯನ್ನು ತನ್ನ ಕಡೆಗೆ ಎಳೆಯುತ್ತದಂತೆ, ಅಂಥದ್ದಕ್ಕೆ ಕೋಟಿ ಕೊಡುವವರಿದ್ದಾರಂತೆ. ಹನುಮಂತನ ಚಿತ್ರವಿರುವ, 1818 ಎಂದು ಬರೆದ ಕಾಸನ್ನು ಕರವಸ್ತ್ರದಲ್ಲಿ ಸುತ್ತಿ, ಪರೀಕ್ಷೆಗೆಂದು ಒಂದು ಹಿಡಿ ಅಕ್ಕಿಯನ್ನೂ ಕಟ್ಟಿಕೊಂಡು ಬರುತ್ತಿದ್ದರು. ಮಾವ ಅಕ್ಕಿಯನ್ನು ಅನಸೂಯಮ್ಮ ಅತ್ತೆಯ ಕೈಗೆ ಕೊಟ್ಟು ಕಾಸನ್ನು ಮಾತ್ರ ಹಿಂದಿರುಗಿಸುತ್ತಿದ್ದ. ಕಂಪನಿಯವರು ಹನುಮಂತನ ನಾಣ್ಯ ಹೊಡೆಸಲೇ ಇಲ್ಲ, ಇದು ದೇವಸ್ಥಾನದ ಬೀದಿಯಲ್ಲಿ ಮಾರುವ ಬಿಲ್ಲೆ ಎಂದು ಎಷ್ಟು ಹೇಳಿದರೂ ಅರ್ಧ ಜನ ನಂಬುತ್ತಿರಲಿಲ್ಲ. ಮುದುಕನಿಗೆ ಹೊಟ್ಟೆಕಿಚ್ಚು ಎಂದು ಬೈದುಕೊಂಡು ಹೋಗುತ್ತಿದ್ದರು.

ಅವನು ಜೀವಮಾನವೆಲ್ಲ ಕಾದದ್ದು ಒಂದೇ ನಾಣ್ಯಕ್ಕೆ. ಆರನೇ ಜಾರ್ಜ್ ರಾಜನ ಮುಖವಿರುವ 1939ರ ಬೆಳ್ಳಿ ರೂಪಾಯಿ. 1938ರದ್ದು ಹುಡುಕಿದರೆ ಸಿಗುತ್ತದೆ, 1939ರದ್ದು ಸಿಗುವುದಿಲ್ಲ. ಅದಕ್ಕೇ ಎಂಟನ್ನು ತಿದ್ದಿ ಒಂಬತ್ತು ಮಾಡುವವರು, ಅಚ್ಚು ತೆಗೆದು ಎರಕ ಹೊಯ್ಯುವವರು ಹುಟ್ಟಿಕೊಂಡಿದ್ದಾರೆ. ಅಂಥವು ಎಷ್ಟೋ ಅವನ ಕೈಮೇಲೆ ಹಾದುಹೋಗಿದ್ದವು. ನಿಜವಾದದ್ದನ್ನು ಅವನು ಮೊದಲ ಸಲ ನೋಡಿದ್ದು ಒಂದು ಹೆಣದ ಹಣೆಯ ಮೇಲೆ.

ಆ ಹೆಣ ಅವನ ಗೆಳೆಯ ವೆಂಕಟರಾಯಪ್ಪನದು. ಮಾವನ ಜೊತೆ ಹೈಸ್ಕೂಲು ಓದಿದವನು, ತಾಯಲೂರಿನ ಆಚೆ ಒಂದು ಹಳ್ಳಿಯಲ್ಲಿ ರಾಗಿ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿಕೊಂಡಿದ್ದ. ಸತ್ತವರ ಹಣೆಗೆ ಕಾಸು ಅಂಟಿಸುವುದು ನಮ್ಮ ಕಡೆ ಹೊಸದೇನಲ್ಲ. ಸಾಮಾನ್ಯವಾಗಿ ಯಾವುದೋ ಚಿಲ್ಲರೆ ಇಟ್ಟು ಅದರ ಜೊತೆಗೇ ಮಣ್ಣು ಮಾಡಿಬಿಡುತ್ತಾರೆ. ವೆಂಕಟರಾಯಪ್ಪನ ಮನೆಯಲ್ಲಿ ಮಾತ್ರ ಅಜ್ಜನ ಕಾಲದಿಂದ ಒಂದೇ ಬೆಳ್ಳಿ ರೂಪಾಯಿ. ಅರಿಶಿನ ಕಲಸಿ, ರಾಜನ ಮುಖ ಹಣೆಗೆ ತಾಗುವಂತೆ, ಇಸವಿ ಮೇಲಕ್ಕೆ ಕಾಣುವಂತೆ ಅದನ್ನು ಅಂಟಿಸುತ್ತಾರೆ. ಗುಂಡಿಗೆ ಇಳಿಸುವ ಮುಂಚೆ ಮನೆಯ ಹಿರಿಯ ಹೆಂಗಸು ಅದನ್ನು ಬಿಡಿಸಿಕೊಂಡು, ಹಾಲಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿ ಇಡಬೇಕು. ಹಿರಿಯರಿಗೆ ಎಡೆ ಇಡುವ ದಿನ ಸತ್ತವರೆಲ್ಲರ ಬದಲು ಆ ರೂಪಾಯಿಯೇ ಎಲೆಯ ಮುಂದೆ ಕೂರುತ್ತದೆ. ಅದನ್ನು ಅವರು ಹಣೆ ರೂಪಾಯಿ ಎನ್ನುತ್ತಾರೆ.

ಅವತ್ತು ನಾನೂ ಹೋಗಿದ್ದೆ. ಮಾವ ಹೆಣದ ತಲೆಯ ಹತ್ತಿರ ಕೂತು, ಗೆಳೆಯನ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿದ. ಬಹಳ ಹೊತ್ತು ಏಳಲೇ ಇಲ್ಲ. ಎಂಥ ಸ್ನೇಹ ಎಂದು ಸುತ್ತಲಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ನನಗೆ ಮಾತ್ರ ಅವನ ಮುಷ್ಟಿಯೊಳಗಿನ ಭೂತಗನ್ನಡಿ ಕಾಣಿಸಿತು. ನಾಚಿಕೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ತಿಥಿಯ ದಿನ ಮಾವ ಆ ರೂಪಾಯಿಯನ್ನು ಕೇಳಿ ಇಸಿದುಕೊಂಡು ಅಂಗೈಯಲ್ಲಿ ತೂಗಿ ನೋಡಿದ. ಅಂಚಿನ ಗೆರೆ, ಅಕ್ಷರದ ಚೂಪು, ಇಸವಿಯ ಕೆಳಗಿನ ಬೊಂಬಾಯಿ ಟಂಕಸಾಲೆಯ ಚುಕ್ಕೆ, ಎಲ್ಲ ಸರಿಯಾಗಿತ್ತು. ಅಲ್ಲಿಗೆ ಸುಮ್ಮನಿರಬಹುದಿತ್ತು. ವೆಂಕಟರಾಯಪ್ಪನ ಮಗ ಉಮೇಶನನ್ನು ಪಕ್ಕಕ್ಕೆ ಕರೆದು, ನಿಮ್ಮ ಮನೆಯ ರೂಪಾಯಿ ಅಂತಿಂಥದ್ದಲ್ಲ, ತಿಳಿದವರು ಲಕ್ಷಗಟ್ಟಲೆ ಕೊಡುತ್ತಾರೆ ಎಂದುಬಿಟ್ಟ. ಉಮೇಶ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟು ಮಾಡುವ ಹುಡುಗ, ಒಳ್ಳೆಯವನೇ. ಆದರೆ ಒಮ್ಮೆ ಕಿವಿಗೆ ಬಿದ್ದ ಮಾತನ್ನು ಹೊರಗೆ ತೆಗೆಯುವುದು ಯಾರ ಕೈಲೂ ಆಗುವುದಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನಾನು ಮಾವನನ್ನು ದಾರಿಯುದ್ದಕ್ಕೂ ಬೈದೆ.

ಎರಡು ವರ್ಷ ತುಂಬುವುದರೊಳಗೆ ಉಮೇಶನ ತಂಗಿ ಗಂಗಾಲಕ್ಷ್ಮಿ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಮದುವೆಗೆ ಬಂದ ಹುಡುಗಿ. ವೇಮಗಲ್ ಕಡೆಯವರು ಬಂದು ನೋಡಿ ಒಪ್ಪಿ ಹೋಗಿದ್ದರು. ಅವಳನ್ನೂ ಅಪ್ಪನ ಪಕ್ಕದಲ್ಲೇ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ಅವಳ ಹಣೆಗೂ ಅದೇ ರೂಪಾಯಿ ಇಟ್ಟರು, ತಾಯಿ ಶ್ಯಾಮಲಮ್ಮನೇ ಬಿಡಿಸಿಕೊಂಡಳು ಎಂದು ಕೇಳಿದೆವು. ಮಾವನಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರಿಂದ ನಮ್ಮಿಬ್ಬರಿಗೂ ಹೋಗಲಾಗಲಿಲ್ಲ.

ಕಳೆದ ವರ್ಷ ದಸರಾ ಮುಗಿದ ಮೇಲೆ ಉಮೇಶ ಶ್ಯಾಮಲಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅವನಿಗೆ ವೇಮಗಲ್ ಹತ್ತಿರ ಒಂದು ಸೈಟು ಕೊಳ್ಳುವ ಆಸೆ. ರೂಪಾಯಿ ಕೊಳ್ಳಲು ಬೆಂಗಳೂರಿನಲ್ಲಿ ಒಬ್ಬರು ಸಿಕ್ಕಿದ್ದರು, ಚನ್ನರಾಯಪ್ಪನವರು ಹೂಂ ಎಂದರೆ ಸಾಕು ಎಂದಿದ್ದರು. ಹಿರಿಯರನ್ನು ಮಾರುವುದುಂಟೇ ಎಂದು ತಾಯಿ ಹಟ ಹಿಡಿದು ಸೋತಿದ್ದಳು. ಆದರೂ ಅದು ಮನೆಯಿಂದ ಆಚೆ ಹೋಗುವುದಾದರೆ ತನ್ನ ಕೈಯಲ್ಲೇ ಹೋಗಲಿ ಎಂದು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು.

ಮಾವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಭೂತಗನ್ನಡಿ ಹಿಡಿದ. ತಕ್ಕಡಿಯ ಮೇಲಿಟ್ಟ. ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದ. ನಕಲಿ ಕಂಡಾಗ ಅವನ ಮುಖಕ್ಕೆ ಬರುವ ಖುಷಿ ನನಗೆ ಚೆನ್ನಾಗಿ ಗೊತ್ತು. ಅವತ್ತು ಅದು ಬರಲಿಲ್ಲ, ಬದಲಿಗೆ ಮುಖದ ಬಣ್ಣ ಇಳಿದುಹೋಯಿತು. ಅಂಚಿನಲ್ಲಿ ಸುತ್ತಲೂ ಎರಕದ ಸಣ್ಣ ಗೆರೆ, ಬಳಸಿದ ಸೋಪಿನ ಮೇಲಿನ ಹೆಸರಿನಂತೆ ನುಣ್ಣಗಾದ ಅಕ್ಷರ, ತೂಕವೂ ಕಡಿಮೆ ಎಂದು ಆಮೇಲೆ ನನಗೆ ಹೇಳಿದ. ಆ ಹೊತ್ತಿಗೆ ಅವನು ಶ್ಯಾಮಲಮ್ಮನನ್ನಷ್ಟೇ ನೋಡಿದ. ಅವಳು ತನ್ನ ಕಾಲುಬೆರಳು ನೋಡುತ್ತಾ ಕೂತಿದ್ದಳು.

ಉಮೇಶನಿಗೂ ಅನುಮಾನ ಇದ್ದೇ ಇತ್ತು. ಹೋದ ಸಲ ಎಡೆ ಇಟ್ಟಾಗ ರೂಪಾಯಿ ಹಗುರವೆನಿಸಿತ್ತಂತೆ.

“ನಕಲಿ ಅಂದ್ರೆ ಮಾತ್ರ ನಾನು ಸುಮ್ನಿರಲ್ಲ ದೊಡ್ಡಪ್ಪ,” ಎಂದ. “ಅಪ್ಪನ ಹಣೆ ಮೇಲಿದ್ದಿದ್ದು ಅಸಲಿ ಅಂತ ನೀವೇ ಹೇಳಿದ್ರಿ. ಆಮೇಲೆ ಅದು ಮನೆಯಿಂದ ಆಚೆ ಹೋಗಿದ್ದು ಗಂಗಾ ಹಣೆ ಮೇಲೆ ಮಾತ್ರ. ಇದು ಅದಲ್ಲ ಅಂದ್ರೆ ಅದು ಅವಳ ಜೊತೆ ಮಣ್ಣಲ್ಲೇ ಇದೆ. ಜೆಸಿಬಿ ಕರ್ಸಿದ್ರೆ ಅರ್ಧ ಗಂಟೆ ಕೆಲಸ.”

ಅವನು ಕೆಟ್ಟವನಾಗಿ ಹೇಳಲಿಲ್ಲ, ಬೋರ್‌ವೆಲ್ ಪೈಪು ಎಲ್ಲಿ ಒಡೆದಿದೆ ನೋಡಿಸೋಣ ಎನ್ನುವ ಹಾಗೆ ಹೇಳಿದ. ಅದೇ ನನ್ನನ್ನು ಹೆದರಿಸಿತು. ಮಾವ ರೂಪಾಯಿಯನ್ನು ಶ್ಯಾಮಲಮ್ಮನ ಕೈಗೆ ಕೊಟ್ಟು, ಇಲ್ಲಿ ಬೆಳಕು ಸಾಲದು, ನಾಳೆ ನಿಮ್ಮ ಮನೆಗೇ ಬಂದು ಅಂಗಳದ ಬಿಸಿಲಲ್ಲಿ ನೋಡಿ ಹೇಳುತ್ತೇನೆ ಎಂದ. ಆಗ ನಮ್ಮ ಜಗಲಿಯ ತುಂಬ ಬಿಸಿಲೇ ಇತ್ತು.

ಬಸ್ ನಿಲ್ದಾಣದವರೆಗೆ ಹೋದ ಶ್ಯಾಮಲಮ್ಮ, ಎಲೆಅಡಿಕೆ ಚೀಲ ಮರೆತೆ ಎಂದು ಮಗನನ್ನು ಅಲ್ಲೇ ನಿಲ್ಲಿಸಿ ಒಬ್ಬಳೇ ವಾಪಸು ಬಂದಳು. ಚೀಲ ಅವಳ ಸೊಂಟದಲ್ಲೇ ಇತ್ತು. ಬಾಗಿಲ ಕಂಬ ಹಿಡಿದು ನಿಂತವಳ ಬಾಯಿಂದ ಮೊದಲು ತೆಲುಗೇ ಬಂತು.

“ವದಲ್ಲೇದಣ್ಣಾ,” ಎಂದಳು. “ಬಿಡ್ಲೇ ಇಲ್ಲ ಅವಳು. ಅರಿಶಿನ ಒಣಗಿ ಹಿಡ್ಕೊಂಬಿಟ್ಟಿತ್ತು. ಉಗುರು ಹಾಕಿ ಎತ್ತಕ್ಕೋದೆ, ಚರ್ಮ ಜೊತೇಲೇ ಎದ್ದಂಗಾಯ್ತು. ಹುಟ್ಟಿದಾಗಿಂದ ನಾನು ಬೊಟ್ಟಿಟ್ಟ ಹಣೆ ಅದು. ಕೈ ಬರ್ಲಿಲ್ಲ. ಸೆರಗು ಅಡ್ಡ ಹಿಡಿದು, ತಗೊಂಡೆ ಅಂದ್ಬಿಟ್ಟೆ.”

ಪೆಟ್ಟಿಗೆ ಖಾಲಿ ಇರಬಾರದೆಂದು ದೇವಸ್ಥಾನದ ಬೀದಿಯಲ್ಲಿ ತಟ್ಟೆಯಲ್ಲಿ ಹಳೇ ಕಾಸು ಮಾರುವವನ ಹತ್ತಿರ ಹೋಗಿ, ಅದೇ ರಾಜನ ಮುಖ ನೋಡಿ ಒಂದು ತಂದು ಇಟ್ಟಿದ್ದಳು. ಅವಳಿಗೆ ಓದು ಬರುವುದಿಲ್ಲ. ನಕಲಿ ಮಾಡುವವರು ಹೆಚ್ಚಾಗಿ ಮಾಡುವುದೇ 1939ರದ್ದನ್ನು, ಹಾಗಾಗಿ ಇಸವಿಯೂ ಕೂಡಿ ಬಂದಿತ್ತು. ನಾವು ಹನುಮಂತನ ಬಿಲ್ಲೆ ತಂದವರನ್ನು ನೋಡಿ ನಗುತ್ತಿದ್ದೆವಲ್ಲ, ಅದೇ ತಟ್ಟೆಯಿಂದ ಎದ್ದುಬಂದ ಇನ್ನೊಂದು ಬಿಲ್ಲೆಗೆ ಈ ಹೆಂಗಸು ಗಂಡನ, ಅತ್ತೆಯ, ಮಾವನ ಹೆಸರು ಹೇಳಿ ಎಡೆ ಇಟ್ಟಿದ್ದಳು.

“ಅವಳನ್ನ ಎಬ್ಬಿಸ್ಬೇಡಿ ಅಣ್ಣಾ,” ಎಂದು ಹೇಳಿ ಹೋದಳು. ಮಾವ ಅವತ್ತು ಊಟ ಮಾಡಲಿಲ್ಲ. ನಾನೂ ಅವನನ್ನು ಕೆಣಕಲಿಲ್ಲ. ಇಷ್ಟು ವರ್ಷದಲ್ಲಿ ಅವನು ನಾಣ್ಯದ ವಿಷಯದಲ್ಲಿ ಒಂದು ಸುಳ್ಳು ಹೇಳಿದ್ದು ನಾನು ಕಂಡಿರಲಿಲ್ಲ. ಉಳಿದ ವಿಷಯಗಳಲ್ಲಿ ಧಾರಾಳವಾಗಿ ಹೇಳುತ್ತಿದ್ದ, ಅದು ಬೇರೆ.

ಮಾರನೆಯ ದಿನ ನನ್ನ ಸ್ಕೂಟರಿನಲ್ಲೇ ಅವನನ್ನು ಕರೆದುಕೊಂಡು ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಉಮೇಶ, ಅವನ ಹೆಂಡತಿ ಪವಿತ್ರ, ಅಕ್ಕಪಕ್ಕದ ಕೆಲವರು ಸುತ್ತ ನಿಂತಿದ್ದರು. ಪವಿತ್ರಳ ಮುಖ ಬಿಳಿಚಿಕೊಂಡಿತ್ತು. ರೂಪಾಯಿ ಕಾಣೆಯಾಗಿದೆ ಅಂದರೆ ಜನ ಮೊದಲು ಸೊಸೆಯ ಕಡೆಗೇ ನೋಡುತ್ತಾರೆ, ಅದು ಅವಳಿಗೂ ಗೊತ್ತಿತ್ತು. ಮಾವ ಎರಕದ ಆ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

“ನಿಮ್ಮಪ್ಪನ ಹಣೆ ಮೇಲೆ ನೋಡಿದ್ದು ಇದೇ,” ಎಂದ. “ಈ ಒಂಬತ್ತರ ಪಕ್ಕ ಗೀರಿದೆ ನೋಡು, ಅವತ್ತೂ ಇತ್ತು. ಬೆಳ್ಳಿ ನಿಜ, ಇಸವಿ ಸುಳ್ಳು. ಮೂವತ್ತೆಂಟನ್ನ ಯಾರೋ ತಿದ್ದಿ ಮೂವತ್ತೊಂಬತ್ತು ಮಾಡಿದಾರೆ. ಅವತ್ತು ನನ್ನ ಕಣ್ಣಿಗೆ ಪೊರೆ ಬಂದಿತ್ತು ಕಣಪ್ಪ, ತಪ್ಪು ಹೇಳ್ದೆ. ಅಂಗಡಿಗೆ ತಗೊಂಡೋದ್ರೆ ನಗ್ತಾರೆ, ಮನೇಲೇ ಇರ್ಲಿ.”

ಉಮೇಶ, ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕಿತ್ತು, ಇಷ್ಟು ದಿನ ನಮ್ಮ ತಲೆ ಕೆಡಿಸಿದಿರಿ ಎಂದ. ನಿಂತವರಲ್ಲಿ ಯಾರೋ ನಕ್ಕರು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡ. ನನಗೆ ಅವನ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ಬರುವಾಗ ಏನಾದರೂ ತಿನ್ನೋಣ ಬಾ ಎಂದು ಹೋಟೆಲಿನ ಮುಂದೆ ಸ್ಕೂಟರು ನಿಲ್ಲಿಸಿದರೆ, ಅವನು ಇಳಿಯದೆ ತಾಯಲೂರಿನ ಕಡೆಗೇ ತಿರುಗಿ ನೋಡುತ್ತಾ ಕೂತಿದ್ದ.

ಸುದ್ದಿ ನಾಲ್ಕೂ ತಾಲ್ಲೂಕಿಗೆ ಹರಡಿತು. ಎಂಟಕ್ಕೂ ಒಂಬತ್ತಕ್ಕೂ ವ್ಯತ್ಯಾಸ ತಿಳಿಯದ ಪಂಡಿತ ಎಂದು ವಾಟ್ಸಾಪಿನಲ್ಲಿ ಆಡಿಕೊಂಡರು. ಅಕ್ಕಿ ಕಟ್ಟಿಕೊಂಡು ಬರುವವರೂ ಬರುವುದು ಬಿಟ್ಟರು. ಅದಕ್ಕೆ ಮಾವ ಕೊರಗುತ್ತಾನೆ ಎಂದುಕೊಂಡಿದ್ದೆ. ಅವನಿಗೆ ಅದರ ಖಬರೇ ಇರಲಿಲ್ಲ. ಅವನನ್ನು ಹಿಡಿದದ್ದು ಬೇರೆ.

ಒಂದು ದಿನ ಊಟದ ಮಧ್ಯೆ, ಮುದ್ದೆ ಮುರಿಯುತ್ತಾ, ಬೆಳ್ಳಿ ಮಣ್ಣಿನಲ್ಲಿ ಕಪ್ಪಾಗುತ್ತದೆ ಅಷ್ಟೇ, ಹಾಳಾಗುವುದಿಲ್ಲ ಎಂದ. ಇನ್ನೊಂದು ದಿನ, ತೋಟಕ್ಕೆ ಹಾಕುವ ಗೊಬ್ಬರದ ಉಪ್ಪು ಕೆಳಗೆ ಇಳಿದರೆ ಕಷ್ಟ ಎಂದ. ‘ಮುಖ ಹೇಗಿದೆಯೋ’ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಯಾರ ಮುಖ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅತ್ತೆ ಮಾತ್ರ ಸೌಟು ಕೆಳಗಿಟ್ಟು ಎದ್ದುಹೋದಳು.

ಅವನಿಗೆ ಕನಸು ಬೀಳತೊಡಗಿತು. ಗಂಗಾ ಬರುತ್ತಾಳಂತೆ, ಮುಖಕ್ಕೆಲ್ಲ ಅರಿಶಿನ, ಹಣೆಯ ಮೇಲೆ ರೂಪಾಯಿ. ಅವನು ಕಾಣಲೆಂದು ತಾನೇ ತಲೆ ಬಗ್ಗಿಸಿ ನಿಲ್ಲುತ್ತಾಳಂತೆ. “ಓದು ದೊಡ್ಡಪ್ಪ ಅಂತಾಳೆ ಕಣೇ,” ಎಂದು ಒಂದು ಬೆಳಿಗ್ಗೆ ನನಗೆ ಹೇಳಿದ. “ಓದೋಷ್ಟರಲ್ಲಿ ಎಚ್ಚರ ಆಗ್ಬಿಡತ್ತೆ.” ಹೇಳುವಾಗ ಅವನಿಗೆ ಹೆದರಿಕೆ ಇರಲಿಲ್ಲ, ಓದಲಾಗಲಿಲ್ಲವಲ್ಲ ಎಂಬ ಸಂಕಟವಿತ್ತು.

ನನ್ನ ವಾರದ ರಜೆ ಬಂದರೆ ತಾಯಲೂರಿಗೆ ಹೋಗೋಣ ಎನ್ನುತ್ತಿದ್ದ. ಮಗುವಿಗೆ ಹೂವಿಡಬೇಕು ಎನ್ನುತ್ತಿದ್ದ. ಮೊದಮೊದಲು ನಂಬಿದೆ. ಅವನು ಹೂವನ್ನು ಹೇಗೋ ಹಾಕಿ, ಸಮಾಧಿಯ ತಲೆಯ ಕಡೆಗೆ ಹೋಗಿ ಊರುಗೋಲಿನಿಂದ ಮಣ್ಣು ಒತ್ತಿ ನೋಡುತ್ತಿದ್ದ. ಗೆಳೆಯನ ಸಮಾಧಿ ಪಕ್ಕದಲ್ಲೇ ಇದ್ದರೂ ಅತ್ತ ತಿರುಗುತ್ತಿರಲಿಲ್ಲ. ಸೊಪ್ಪು ಕೊಯ್ಯುತ್ತಿದ್ದ ಶ್ಯಾಮಲಮ್ಮ ಗಿಡಗಳ ಮಧ್ಯೆ ನಿಂತು ನಮ್ಮನ್ನು ನೋಡುತ್ತಿದ್ದಳು.

ಈ ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದ ಮಾರನೆಯ ದಿನ ಮತ್ತೆ ಹೊರಟೆವು. ತೋಟದ ಹತ್ತಿರ ಇಳಿಯುವಾಗ ಅವನ ಚೀಲವನ್ನು ನಾನು ಎತ್ತಿಕೊಂಡೆ. ಭಾರವಾಗಿತ್ತು. ತೆಗೆದು ನೋಡಿದರೆ ಒಳಗೆ ಒಂದು ಸಣ್ಣ ಗುದ್ದಲಿ, ನಮ್ಮ ಹಿತ್ತಲಿನದು. ಏನಿದು ಎಂದರೆ ಕಣಗಿಲೆ ಗಿಡ ನೆಡೋದಕ್ಕೆ ಎಂದ. ಚೀಲದಲ್ಲಿ ಗಿಡ ಇರಲಿಲ್ಲ.

“ಉಮೇಶ ಅಗೆಸೋದು ಬೇಡ ಅಂತ ಮಾನ ಕಳ್ಕೊಂಡೆಯಲ್ಲ ಮಾವಾ,” ಎಂದೆ. “ಇದಕ್ಕಾ?”

ಅವನು ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡ. ಅಷ್ಟು ಬಲ ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನೋಡಿ ಹಾಗೇ ಮುಚ್ಚಿಬಿಡುತ್ತೇನೆ, ತೆಗೆದುಕೊಳ್ಳುವುದಿಲ್ಲ, ಒಂದು ಸಲ ಇಸವಿ ಓದಿದರೆ ಸಾಕು, ಅವಳೇ ಕರೆಯುತ್ತಿದ್ದಾಳೆ ಎಂದು ಏನೇನೋ ಹೇಳಿದ. ನಾನು ಅವನ ರಟ್ಟೆ ಹಿಡಿದೆಳೆದೆ. ಹೀಗೆ ನಾವು ಸಮಾಧಿಯ ಮುಂದೆ ಜಗ್ಗಾಡುತ್ತಿರುವಾಗ ಸೊಪ್ಪಿನ ಹೊರೆ ಹೊತ್ತು ಶ್ಯಾಮಲಮ್ಮ ಬಂದಳು. ಹೊರೆ ಇಳಿಸಿದಳು. ಗುದ್ದಲಿ ನೋಡಿದಳು. ಕೂಗಾಡುತ್ತಾಳೆ, ಊರು ಸೇರಿಸುತ್ತಾಳೆ ಎಂದುಕೊಂಡೆ. ಅವಳು ಸಮಾಧಿಯ ತಲೆಯ ಕಡೆ ಕೂತು, ಒಣಗಿದ ಹೂವನ್ನೆಲ್ಲ ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿದಳು.

“ಅಗೀರಿ ಅಣ್ಣಾ,” ಎಂದಳು. “ಉಮೇಶ ಶಿಫ್ಟಿಗೆ ಹೋಗವ್ನೆ, ಯಾರೂ ಬರಲ್ಲ. ರೂಪಾಯಿ ನೀವೇ ಇಟ್ಕೊಳ್ಳಿ. ನಾನು ಒಂದು ಸಲ ಅವಳ ಮುಖ ನೋಡ್ಕೊಂತೀನಿ.”

ಅವಳು ಅಣಕಕ್ಕೆ ಹೇಳುತ್ತಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಮಲಗಿದ ಮಗಳನ್ನು ಎಬ್ಬಿಸಲು ಬಂದವಳಂತೆ ಕಾದು ಕೂತಿದ್ದಳು. ಮಾವ ಗುದ್ದಲಿ ಹಿಡಿದು ನಿಂತೇ ಇದ್ದ. ಇಷ್ಟು ತಿಂಗಳು ಅವನು ಮಣ್ಣು, ಉಪ್ಪು, ಬೆಳ್ಳಿ, ಎಲ್ಲದರ ಲೆಕ್ಕ ಹಾಕಿದ್ದ. ಬೆಳ್ಳಿ ಎಷ್ಟು ಉಳಿದಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದರ ಕೆಳಗೆ ಏನು ಉಳಿದಿರುವುದಿಲ್ಲ ಎಂಬುದು ಆಗ ಹೊಳೆದಿರಬೇಕು. ಅವನು ಗುದ್ದಲಿಯನ್ನು ಕೆಳಗೆ ಹಾಕಿದ.

“ಈಗ ಅಲ್ಲಿ ಮುಖ ಇರಲ್ಲಮ್ಮ,” ಎಂದ. “ರೂಪಾಯಿ ಒಂದೇ ಇರತ್ತೆ.”

ಶ್ಯಾಮಲಮ್ಮ ಅವನನ್ನೇ ನೋಡಿದಳು. ಅವಳಿಗೆ ಅದು ತಿಳಿಯದ್ದೇನಲ್ಲ, ಆದರೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸರಿಸಿದ ಹೂವನ್ನು ಒಂದೊಂದಾಗಿ ಮತ್ತೆ ಮಣ್ಣಿನ ಮೇಲೆ ಎಳೆದುಕೊಂಡು, “ಹಂಗಾದ್ರೆ ಮುಚ್ಚಿರ್ಲಿ ಅಣ್ಣಾ, ನಾನು ಕೊನೇ ಸಲ ನೋಡ್ದಂಗೇ ಇರ್ಲಿ ಅವಳು,” ಎಂದಳು. ಮಾವ ಅವಳ ಎದುರಿಗೆ ಕುಕ್ಕರಿಸಿ ಕೂತ. ಅವನಿಗೆ ಅಳು ಬಂತು, ಅವಳಿಗೂ ಬಂತು. ನಾನು ಸೊಪ್ಪಿನ ಹೊರೆಯನ್ನು ಹೊತ್ತುಕೊಂಡು ಅವರ ಮನೆಯ ಕಡೆ ನಡೆದೆ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು.